ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಹಳೆಯದರ ಡಿಸ್ಕ್ ಬದಲಿಸಿ ನೋಡಿ

ರೋಣ, ನರಗುಂದ, ಗಜೇಂದ್ರಗಡದ ಝೆರಾಕ್ಸ್ ಅಂಗಡಿಗಳಲ್ಲಿ, ಡಿಟಿಪಿ ಸೆಂಟರ್‌ಗಳಲ್ಲಿ, ಗ್ರಾಮ ಒನ್ ಕೇಂದ್ರಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ‘ಸ್ವಲ್ಪ ತಡೀರಿ, ಸಿಸ್ಟಮ್ ಸ್ಲೋ ಐತಿ’. ಬೆಳೆ ವಿಮೆಯ ಕೊನೆಯ ದಿನ, ಪಿಯುಸಿ ಫಲಿತಾಂಶದ ಮರುದಿನ, ಪಹಣಿಗೆ ಜನ ಸಾಲುಗಟ್ಟಿದ ಹೊತ್ತಿನಲ್ಲೇ ಯಂತ್ರ ಮುಷ್ಕರ ಹೂಡುತ್ತದೆ. ರಿಪೇರಿಯವರನ್ನು ಕರೆಸಿದರೆ ಸಾಮಾನ್ಯವಾಗಿ ಸಿಗುವುದು ಒಂದೇ ಉತ್ತರ: ‘ಇದು ಹಳೇದಾತ್ರಿ, ಹೊಸಾದು ತಗೊಂಡುಬಿಡ್ರಿ.’ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಮೇಲಂತೂ ಈ ಸಲಹೆಗೆ ಇನ್ನಷ್ಟು ಬಲ ಬಂದಿದೆ. ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ 2012ರಿಂದ 2018ರೊಳಗೆ ಕೊಂಡ, ಕೋರ್ ಐ3 ಅಥವಾ ಐ5 ಪ್ರೊಸೆಸರ್ ಇರುವ ಯಂತ್ರವಿದ್ದರೆ, ಈ ಸಲಹೆಯನ್ನು ಒಪ್ಪುವ ಮೊದಲು ಸ್ವಲ್ಪ ನಿಲ್ಲಿ. ಅರ್ಜಿ ತುಂಬಲು, ಪತ್ರ ಟೈಪ್ ಮಾಡಲು, ಲೆಕ್ಕ ಇಡಲು, ಯೂಟ್ಯೂಬ್ ಪಾಠ ನೋಡಲು ಆ ಪ್ರೊಸೆಸರ್ ಇವತ್ತಿಗೂ ಸಾಕು. ಸೋತಿರುವುದು ಬಹುಮಟ್ಟಿಗೆ ಒಳಗಿರುವ ಹಾರ್ಡ್‌ಡಿಸ್ಕ್. ಅದನ್ನು ತೆಗೆದು ಎಸ್‌ಎಸ್‌ಡಿ ಕೂಡಿಸುವ ಖರ್ಚು ಹೊಸ ಲ್ಯಾಪ್‌ಟಾಪ್ ಬೆಲೆಯ ಒಂದು ಸಣ್ಣ ಪಾಲು ಮಾತ್ರ.

ನಿಧಾನವಾಗುವುದು ಯಾಕೆ?

ಹಾರ್ಡ್‌ಡಿಸ್ಕ್ ಎಂದರೆ ತಿರುಗುವ ತಟ್ಟೆ, ಅದರ ಮೇಲೆ ಅತ್ತಿತ್ತ ಸರಿದಾಡುವ ಓದುಮುಳ್ಳು. ಡೆಸ್ಕ್‌ಟಾಪ್‌ಗಳ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಲ್ಯಾಪ್‌ಟಾಪ್‌ಗಳದ್ದು 5400 ಸುತ್ತು ತಿರುಗುತ್ತದೆ. 7200 ಸುತ್ತಿನದಕ್ಕೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ಮಾಹಿತಿ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಮುಳ್ಳು ಸರಿಯಾದ ಜಾಡಿಗೆ ಸರಿಯಬೇಕು. ಎಲ್ಲ ಸೇರಿ ಒಂದು ಚೂರು ಮಾಹಿತಿಗೆ ಹತ್ತು ಹನ್ನೆರಡು ಮಿಲಿಸೆಕೆಂಡ್ ಹೋಗುತ್ತದೆ. ಕೇಳಲು ಇದು ಕಡಿಮೆ ಎನಿಸಬಹುದು. ಆದರೆ ಚೆಲ್ಲಾಪಿಲ್ಲಿಯಾಗಿ ಬಿದ್ದ ಸಣ್ಣ ಸಣ್ಣ ಕಡತಗಳನ್ನು ಓದಬೇಕಾದಾಗ ಈ ಲೆಕ್ಕದಲ್ಲಿ ಡಿಸ್ಕ್ ಸೆಕೆಂಡಿಗೆ ನೂರನ್ನೂ ಮುಟ್ಟುವುದಿಲ್ಲ. ವಿಂಡೋಸ್ ಶುರುವಾಗುವಾಗ, ಕ್ರೋಮ್ ತೆರೆಯುವಾಗ ಓದಬೇಕಾಗುವುದು ಇಂಥ ಸಾವಿರಾರು ತುಣುಕುಗಳನ್ನು. ಒಬ್ಬನೇ ಗುಮಾಸ್ತ ಇರುವ ತಹಶೀಲ್ದಾರ್ ಕಚೇರಿಯ ದಾಖಲೆ ಕೋಣೆಯನ್ನು ನೆನೆಸಿಕೊಳ್ಳಿ. ಒಂದೇ ಕಪಾಟಿನ ನೂರು ಕಡತ ಬೇಕೆಂದರೆ ಅವನು ಬೇಗ ತರುತ್ತಾನೆ, ನೂರು ಕಪಾಟಿನಿಂದ ಒಂದೊಂದು ಬೇಕೆಂದರೆ ಸಂಜೆಯಾಗುತ್ತದೆ.

ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಸರಿಯುವುದೂ ಏನೂ ಇಲ್ಲ, ಇರುವುದು ಚಿಪ್‌ಗಳು ಮಾತ್ರ. ಯಾವ ಮೂಲೆಯ ಮಾಹಿತಿಯಾದರೂ ಸುಮಾರು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕೈಗೆ ಸಿಗುತ್ತದೆ, ಅಂದರೆ ನೂರು ಪಟ್ಟು ಬೇಗ. ಅಂಗಡಿಯವರು ಪೆಟ್ಟಿಗೆಯ ಮೇಲಿನ ‘ಸೆಕೆಂಡಿಗೆ 550 ಎಂಬಿ’ ಎಂಬ ಅಂಕಿಯನ್ನು ತೋರಿಸುತ್ತಾರೆ. ದೊಡ್ಡ ಸಿನಿಮಾ ಕಡತವನ್ನು ನಕಲು ಮಾಡುವಾಗಿನ ವೇಗ ಅದು, ನಿತ್ಯದ ಬಳಕೆಯಲ್ಲಿ ಅದರ ಪಾತ್ರ ದೊಡ್ಡದಲ್ಲ. ನಿಮ್ಮ ಅನುಭವಕ್ಕೆ ಬರುವ ವ್ಯತ್ಯಾಸ ಈ ಸಣ್ಣ ತುಣುಕುಗಳದ್ದು. ಹಳೆ ಮದರ್‌ಬೋರ್ಡ್‌ನ ಸಾಟಾ ಪೋರ್ಟ್ ಆ ದೊಡ್ಡ ವೇಗದ ಅರ್ಧದಷ್ಟನ್ನೇ ಕೊಟ್ಟರೂ ಲಾಭ ಹೆಚ್ಚುಕಡಿಮೆ ಅಷ್ಟೇ ಸಿಗುವುದು ಇದೇ ಕಾರಣಕ್ಕೆ. ‘ನಮ್ಮ ಬೋರ್ಡ್ ಹಳೇದು, ಅದಕ್ಕ ಎಸ್‌ಎಸ್‌ಡಿ ಹಾಕಿದ್ರ ಉಪಯೋಗ ಇಲ್ಲ’ ಎನ್ನುವ ಮಾತಿಗೆ ಇಲ್ಲೇ ಉತ್ತರವಿದೆ.

ಇನ್ನೊಂದು ಕಾರಣ ರ್‍ಯಾಮ್. ಅದು ಸಾಲದೆ ಬಂದಾಗ ವಿಂಡೋಸ್ ಹೆಚ್ಚಾದ ಮಾಹಿತಿಯನ್ನು ಡಿಸ್ಕಿನ ಮೇಲೆ ಇಳಿಸಿ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ಮೊದಲೇ ಏದುಸಿರು ಬಿಡುತ್ತಿದ್ದ ಹಾರ್ಡ್‌ಡಿಸ್ಕಿಗೆ ಈ ಹೊರೆಯೂ ಸೇರುತ್ತದೆ. ಜೊತೆಗೆ ವಿಂಡೋಸ್ 10 ಹಿಂದಿನದಕ್ಕಿಂತ ಹೆಚ್ಚು ಕೆಲಸವನ್ನು ತೆರೆಮರೆಯಲ್ಲಿ ಮಾಡುತ್ತದೆ: ಅಪ್‌ಡೇಟ್ ಇಳಿಸುವುದು, ವೈರಸ್ ತಪಾಸಣೆ, ಹುಡುಕಾಟಕ್ಕೆ ಪಟ್ಟಿ ಕಟ್ಟುವುದು. ಯಂತ್ರ ಹೊಸದಿದ್ದಾಗ ಚುರುಕಾಗಿತ್ತು, ಈಗ ಮಂದವಾಗಿದೆ ಎಂದು ಅನಿಸುವುದು ಇದರಿಂದ. ಪ್ರೊಸೆಸರ್‌ನ ಶಕ್ತಿ ಅಂದು ಇದ್ದಷ್ಟೇ ಇಂದೂ ಇದೆ.

ಮೊದಲು ರೋಗ ಪತ್ತೆ, ಆಮೇಲೆ ಔಷಧ

ಹಣ ಬಿಚ್ಚುವ ಮೊದಲು ಐದು ನಿಮಿಷ ಕೊಡಿ. ಕಂಪ್ಯೂಟರ್ ನಿಧಾನವಾಗಿರುವ ಹೊತ್ತಿನಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ಡಿಸ್ಕ್ ಸಾಲು ನೂರಕ್ಕೆ ನೂರು ತೋರಿಸುತ್ತಾ, ಸಿಪಿಯು ಹತ್ತಿಪ್ಪತ್ತರಲ್ಲಿ ಆಕಳಿಸುತ್ತಾ ಕೂತಿದ್ದರೆ ರೋಗ ಡಿಸ್ಕಿನದು. ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿ ಅಥವಾ ಎಸ್‌ಎಸ್‌ಡಿ ಎಂದೂ ಬರೆದಿರುತ್ತದೆ. ಮೆಮೊರಿ ಸಾಲಿನಲ್ಲಿ ಒಟ್ಟು ರ್‍ಯಾಮ್ ಎಷ್ಟು, ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ತುಂಬಿವೆ ಎಂಬುದು ಸಿಗುತ್ತದೆ. 4 ಜಿಬಿ ಇದ್ದು ಒಂದು ಸ್ಲಾಟ್ ಖಾಲಿ ಇದ್ದರೆ ಇನ್ನೊಂದು 4 ಜಿಬಿ ಕೂಡಿಸಲು ಜಾಗವಿದೆ ಎಂದು ತಿಳಿಯಿರಿ. ಸಿಪಿಯು ಸಾಲೇ ಸದಾ ನೂರನ್ನು ಮುಟ್ಟುತ್ತಿದ್ದರೆ ಮಾತು ಬೇರೆ. ಆಗ ಪ್ರೊಸೆಸಸ್ ಪುಟದಲ್ಲಿ ಯಾವ ತಂತ್ರಾಂಶ ಅದನ್ನು ತಿನ್ನುತ್ತಿದೆ ಎಂದು ನೋಡಿ. ಎರಡೆರಡು ಆಂಟಿವೈರಸ್ ಹಾಕಿಕೊಂಡ ಯಂತ್ರಗಳಲ್ಲಿ ಇದು ಮಾಮೂಲು.

ಪ್ರೊಸೆಸರ್‌ನ ಹೆಸರನ್ನೂ ಅಲ್ಲೇ ಬರೆದುಕೊಳ್ಳಿ. ‘ಐ3-4130’ ಎಂದಿದ್ದರೆ ಗೀಟಿನ ನಂತರದ 4 ಎಂಬುದು ತಲೆಮಾರು, ಅಂದರೆ ನಾಲ್ಕನೆಯದು. ‘ಐ3-8100’ ಎಂಟನೆಯದು, ‘ಐ3-10100’ ಹತ್ತನೆಯದು. ಈ ಒಂದು ಅಂಕಿ ಮುಂದೆ ವಿಂಡೋಸ್ 11ರ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಇನ್ನೊಂದು ಸಣ್ಣ ಸಂಗತಿ. ಡೆಸ್ಕ್‌ಟಾಪ್ ಹಾಕಿದಾಗಲೆಲ್ಲ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಜಾರುತ್ತಿದ್ದು, ಬ್ಯಾಂಕಿನದೋ ಸರ್ಕಾರದ್ದೋ ವೆಬ್‌ಸೈಟ್ ‘ಸುರಕ್ಷಿತವಲ್ಲ’ ಎಂದು ತೆರೆಯಲೊಪ್ಪದಿದ್ದರೆ, ಮದರ್‌ಬೋರ್ಡ್ ಮೇಲಿನ ಸಿಆರ್2032 ಎಂಬ ಬಿಲ್ಲೆ ಸೆಲ್ ಖಾಲಿಯಾಗಿದೆ. ವೆಬ್‌ಸೈಟುಗಳ ಸುರಕ್ಷತಾ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಯಂತ್ರದ ದಿನಾಂಕ ತಪ್ಪಿದರೆ ಆ ಪ್ರಮಾಣಪತ್ರ ಅಮಾನ್ಯವೆಂದು ಬ್ರೌಸರ್ ತಿಳಿಯುತ್ತದೆ. ಕೈಗಡಿಯಾರದ ಅಂಗಡಿಯಲ್ಲೂ ಸಿಗುವ ಈ ಸೆಲ್ ಬದಲಿಸಿದರೆ ಮುಗಿಯಿತು. ಈ ಲಕ್ಷಣ ನೋಡಿ ಕಂಪ್ಯೂಟರನ್ನೇ ಬದಲಿಸಿದವರಿದ್ದಾರೆ!

ಮಾಡುವ ಕ್ರಮ

1. ಮೊದಲು ಕಡತಗಳ ನಕಲು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳ ಜೊತೆಗೆ ಟ್ಯಾಲಿಯ ಡೇಟಾ ಫೋಲ್ಡರ್, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರ್ ಇವನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಿ. ಜನ ಮರೆಯುವುದು ಫಾಂಟುಗಳನ್ನು.

2. ಸರಿಯಾದ ಎಸ್‌ಎಸ್‌ಡಿ ಆರಿಸಿ. ಹಳೆ ಡೆಸ್ಕ್‌ಟಾಪ್‌ಗೂ ಬಹುಪಾಲು ಹಳೆ ಲ್ಯಾಪ್‌ಟಾಪ್‌ಗೂ ಬೇಕಾದದ್ದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ. ಉದ್ದನೆ ಪಟ್ಟಿಯಂತಿರುವ ಎಂ.2 ಬಗೆಯದರಲ್ಲಿ ಸಾಟಾ, ಎನ್‌ವಿಎಂಇ ಎಂಬ ಎರಡು ಜಾತಿಗಳಿವೆ. ನೋಡಲು ಹೆಚ್ಚುಕಡಿಮೆ ಒಂದೇ ತರಹ ಇದ್ದರೂ ಒಂದಕ್ಕೆ ಮಾಡಿದ ಸ್ಲಾಟಿನಲ್ಲಿ ಇನ್ನೊಂದು ಓಡದೇ ಇರಬಹುದು, ಆದ್ದರಿಂದ ನಿಮ್ಮ ಮಾಡೆಲ್ ಹೆಸರು ಹೇಳಿಯೇ ಕೊಳ್ಳಿ. ಗಾತ್ರ 240 ಅಥವಾ 256 ಜಿಬಿ ಸಾಕು, ಫೋಟೊ ಸ್ಟುಡಿಯೊ ಇದ್ದರೆ 500. 120 ಜಿಬಿ ಬೇಡ, ವಿಂಡೋಸ್ ಅಪ್‌ಡೇಟ್‌ಗಳಿಗೇ ಅದು ತುಂಬಿಹೋಗುತ್ತದೆ.

3. ರ್‍ಯಾಮ್ ಬೇಕಿದ್ದರೆ ಅದೇ ಜಾತಿಯದು. ಡಿಡಿಆರ್3 ಇದ್ದ ಕಡೆ ಡಿಡಿಆರ್4 ಕೂರುವುದಿಲ್ಲ, ಕಚ್ಚೇ ಬೇರೆ. ಒಟ್ಟು 8 ಜಿಬಿ ಗುರಿ ಇಟ್ಟುಕೊಳ್ಳಿ. ಎಐ ದತ್ತಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ವಿಪರೀತ ಏರಿದೆ, ಹೊಸ ಲ್ಯಾಪ್‌ಟಾಪ್‌ಗಳಿಗೂ ಅದರ ಬಿಸಿ ತಟ್ಟಿದೆ. ಹೀಗಾಗಿ ಗುಜರಿಗೆ ಹೊರಟ ಇನ್ನೊಂದು ಯಂತ್ರದಿಂದ ಕಳಚಿದ ಹಳೆ ಡಿಡಿಆರ್3 ಸಿಕ್ಕರೆ ಸಂಕೋಚವಿಲ್ಲದೆ ಹಾಕಿ. ರ್‍ಯಾಮ್‌ಗೆ ಬಳಕೆಯಿಂದ ಸವೆತವಿಲ್ಲ. ಎಸ್‌ಎಸ್‌ಡಿ ಮಾತ್ರ ಹಳೆಯದನ್ನು ಕೊಳ್ಳಬೇಡಿ.

4. ಕೂಡಿಸುವುದು. ಕರೆಂಟ್ ತೆಗೆದು, ಲ್ಯಾಪ್‌ಟಾಪ್ ಆದರೆ ಬ್ಯಾಟರಿಯನ್ನೂ ಕಳಚಿ, ಮೈಯ ಸ್ಥಾಯಿ ವಿದ್ಯುತ್ ಹೋಗಲು ಕಬ್ಬಿಣದ ಕ್ಯಾಬಿನೆಟ್ ಮುಟ್ಟಿ ಕೆಲಸ ಶುರುಮಾಡಿ. ಡೆಸ್ಕ್‌ಟಾಪ್‌ನಲ್ಲಿ ಹಾರ್ಡ್‌ಡಿಸ್ಕಿಗೆ ಹೋದ ಎರಡು ಕೇಬಲ್‌ಗಳೇ ಎಸ್‌ಎಸ್‌ಡಿಗೂ ಆಗುತ್ತವೆ. ಡಿವಿಡಿ ಡ್ರೈವ್ ಇರುವ ಲ್ಯಾಪ್‌ಟಾಪ್ ಆದರೆ ಎಸ್‌ಎಸ್‌ಡಿಯನ್ನು ಡಿಸ್ಕಿನ ಮೂಲ ಜಾಗದಲ್ಲಿಟ್ಟು, ಡಿವಿಡಿ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟು ತರಿಸಿ ಹಳೆ ಡಿಸ್ಕನ್ನು ಅದರಲ್ಲಿ ಕೂಡಿಸಬಹುದು. ಕ್ಯಾಡಿಯಲ್ಲಿ 9.5 ಮತ್ತು 12.7 ಮಿ.ಮೀ. ಎಂಬ ಎರಡು ದಪ್ಪಗಳಿವೆ, ಅಳೆದು ತರಿಸಿ.

5. ವಿಂಡೋಸ್ ಹೊಸದಾಗಿ ಹಾಕಿ. ಹಳೆಯದನ್ನು ಹಾಗೇ ನಕಲು ಮಾಡುವ ಕ್ಲೋನಿಂಗ್‌ಗೆ ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶ ಇದೆ, ಆದರೆ ವರ್ಷಗಳ ಕಸವೂ ಅದರೊಂದಿಗೇ ಬರುತ್ತದೆ. ಅಸಲಿ ಲೈಸೆನ್ಸ್ ಇದ್ದ ವಿಂಡೋಸ್ 10ರ ಡಿಜಿಟಲ್ ಗುರುತು ಮದರ್‌ಬೋರ್ಡ್‌ಗೆ ಅಂಟಿರುತ್ತದೆ. ಡಿಸ್ಕ್ ಬದಲಾದರೂ, ಅದೇ ಆವೃತ್ತಿ ಹಾಕಿ ಇಂಟರ್ನೆಟ್ ಕೊಟ್ಟರೆ ತಾನಾಗಿ ಸಕ್ರಿಯವಾಗುತ್ತದೆ. ಕೀ ಕೊಂಡುಕೊಳ್ಳುವ ಅಗತ್ಯವಿಲ್ಲ.

6. ಕಳಚಿದ ಹಾರ್ಡ್‌ಡಿಸ್ಕನ್ನು ಯುಎಸ್‌ಬಿ ಕೇಸಿಂಗ್‌ನಲ್ಲಿ ಹಾಕಿ ಬ್ಯಾಕಪ್‌ಗೆ ಇಟ್ಟುಕೊಳ್ಳಿ. ಮೊದಲು ಅದರ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿ. ‘ಗುಡ್’ ಎಂದಿದ್ದರೆ ಮಾತ್ರ ನಂಬಿ.

ವಿಂಡೋಸ್ 10ರ ಬೆಂಬಲ ನಿಂತಿದೆಯಲ್ಲ?

ಇದು ನ್ಯಾಯವಾದ ಆಕ್ಷೇಪ. ಯಂತ್ರ ಚುರುಕಾದರೂ ಒಳಗಿನ ತಂತ್ರಾಂಶಕ್ಕೆ ಸುರಕ್ಷತಾ ಅಪ್‌ಡೇಟ್ ಬರದಿದ್ದರೆ, ದಿನವೂ ಪರರ ಆಧಾರ್, ಬ್ಯಾಂಕ್ ವಿವರ ಮುಟ್ಟುವ ಅಂಗಡಿಗೆ ಅದು ಅಪಾಯ. ವಿಂಡೋಸ್ 11 ಹಾಕೋಣವೆಂದರೆ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್, ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕೆಂಬ ನಿಯಮವಿದೆ. ನಿಮ್ಮದು ಎಂಟನೆಯ ತಲೆಮಾರಿನದಾದರೆ ಬಯಾಸ್‌ನಲ್ಲಿ ಟಿಪಿಎಂ ಆನ್ ಮಾಡಿ ಉಚಿತವಾಗಿ 11ಕ್ಕೆ ಏರಿ, ಪ್ರಶ್ನೆ ಅಲ್ಲಿಗೆ ಮುಗಿಯಿತು. ನಾಲ್ಕನೆಯದೋ ಆರನೆಯದೋ ಆಗಿದ್ದರೆ ಎರಡು ದಾರಿಗಳಿವೆ.

ಮೊದಲನೆಯದು ಮುಂದುವರಿದ ಸುರಕ್ಷತಾ ಅಪ್‌ಡೇಟ್ ಯೋಜನೆ. ಇದರಲ್ಲಿ ನೋಂದಾಯಿಸಿದ ವಿಂಡೋಸ್ 10 ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಘೋಷಿಸಿತು. 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿರಬೇಕು. ಸೆಟ್ಟಿಂಗ್‌ಗಳನ್ನು ಆ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಹಣ ಕೊಡಬೇಕಿಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಕಾಣುತ್ತದೆ. ಇದು ಶಾಶ್ವತ ಪರಿಹಾರವಲ್ಲ, ಕಾಲಾವಕಾಶ ಅಷ್ಟೇ. ಆದರೆ ಬೆಲೆ ಏರಿರುವ ಹೊತ್ತಿನಲ್ಲಿ ಅವಸರದ ಖರೀದಿಯನ್ನು ಮುಂದೂಡಲು ಸಿಗುವ ಕಾಲಾವಕಾಶಕ್ಕೂ ಬೆಲೆಯಿದೆ.

ಎರಡನೆಯದು ಲಿನಕ್ಸ್. ಅದರ ಹೆಸರು ಕೇಳಿ ಹೆದರುವ ಕಾಲ ಹೋಯಿತು. ಲಿನಕ್ಸ್ ಮಿಂಟ್ ಎಂಬುದು ವಿಂಡೋಸ್‌ನಿಂದ ಬಂದವರಿಗೆ ಕೈಗೆ ಹತ್ತುವಂಥದ್ದು. ಅದರ 22ನೇ ಸರಣಿಗೆ 2029ರವರೆಗೆ ಬೆಂಬಲವಿದೆ, ಕನಿಷ್ಠ 2 ಜಿಬಿ ರ್‍ಯಾಮ್ ಕೇಳುತ್ತದೆ, 4 ಇದ್ದರೆ ಆರಾಮ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಜೊತೆಗೇ ಬರುತ್ತವೆ. ಓದುವ ಮಕ್ಕಳಿರುವ ಮನೆಗೆ, ಶಾಲೆಯ ಪ್ರಯೋಗಾಲಯದ ಹಳೆ ಯಂತ್ರಗಳಿಗೆ, ಬರೀ ಬ್ರೌಸರ್ ಮತ್ತು ಟೈಪಿಂಗ್ ಸಾಕೆನ್ನುವವರಿಗೆ ಇದನ್ನೇ ಹಾಕಿ ಎಂದು ಅನುಮಾನವಿಲ್ಲದೆ ಹೇಳುತ್ತೇನೆ. ಪೆನ್‌ಡ್ರೈವ್‌ನಿಂದ ನೇರ ಓಡಿಸಿ, ಡಿಸ್ಕಿನಲ್ಲಿ ಏನನ್ನೂ ಬದಲಿಸದೆ, ವೈಫೈ, ಪ್ರಿಂಟರ್, ಸ್ಕ್ಯಾನರ್ ನಡೆಯುತ್ತವೆಯೇ ಎಂದು ಪರೀಕ್ಷಿಸಬಹುದು. ಈ ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ. ಉದಾಹರಣೆಗೆ ನಮ್ಮ ಊರುಗಳ ಅಂಗಡಿಗಳಲ್ಲಿ ಹೇರಳವಾಗಿರುವ ಕ್ಯಾನನ್ ಎಲ್‌ಬಿಪಿ2900 ಪ್ರಿಂಟರ್ ಲಿನಕ್ಸ್‌ನಲ್ಲಿ ಸಲೀಸಾಗಿ ಮಾತು ಕೇಳುವುದಿಲ್ಲ.

ಲಿನಕ್ಸ್ ಯಾರಿಗೆ ಬೇಡ ಎಂಬುದನ್ನೂ ಹೇಳಬೇಕು. ಆಧಾರ್ ಬೆರಳಚ್ಚು ಯಂತ್ರದ ಆರ್‌ಡಿ ಸರ್ವಿಸ್ ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಮಾಡಿದ್ದು. ಹೀಗಾಗಿ ಗ್ರಾಮ ಒನ್ ನಡೆಸುವವರು, ಬೆರಳಚ್ಚಿನಿಂದ ಹಣ ಕೊಡುವ ಬ್ಯಾಂಕ್ ಮಿತ್ರರು ವಿಂಡೋಸ್‌ನಲ್ಲೇ ಇರಬೇಕು. ಟ್ಯಾಲಿಯಲ್ಲಿ ಲೆಕ್ಕ ಇಡುವ ದಲಾಲಿ ಅಂಗಡಿಗಳೂ ಹಾಗೆಯೇ. ಇಂಥ ಕಡೆ ಎಂಟನೇ ತಲೆಮಾರಿಗಿಂತ ಹಳೆಯ ಯಂತ್ರ ಇದ್ದರೆ, ಎಸ್‌ಎಸ್‌ಡಿ ಹಾಕಿ ಒಂದಷ್ಟು ಕಾಲ ದೂಡಿ, ಹೊಸದಕ್ಕೆ ನಿಧಾನವಾಗಿ ಹಣ ಕೂಡಿಡುವುದೇ ಸರಿ. ಆ ಎಸ್‌ಎಸ್‌ಡಿ ವ್ಯರ್ಥವಾಗುವುದಿಲ್ಲ, ಕಳಚಿ ಇನ್ನೊಂದು ಯಂತ್ರಕ್ಕೆ ಹಾಕಬಹುದು. ನಿಯಮ ತಪ್ಪಿಸಿ ಹಳೆ ಯಂತ್ರಕ್ಕೆ ವಿಂಡೋಸ್ 11 ಹಾಕುವ ಉಪಾಯಗಳೂ ಚಲಾವಣೆಯಲ್ಲಿವೆ. ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುತ್ತದೆಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಮನೆಯಲ್ಲಿ ಪ್ರಯೋಗಕ್ಕೆ ಸರಿ, ವ್ಯವಹಾರದ ಯಂತ್ರಕ್ಕೆ ಬೇಡ.

ಇನ್ನೂ ವಿಂಡೋಸ್ 7ರಲ್ಲೇ ಇರುವವರಿಗೆ ಒಂದು ಮಾತು: ಅದರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ, ಕ್ರೋಮ್ ಕೂಡ 109ನೇ ಆವೃತ್ತಿಗೆ ನಿಂತಿದೆ. ಹೊಸ ವೆಬ್‌ಸೈಟುಗಳು ಅರ್ಧಂಬರ್ಧ ಕಾಣುವುದು ಅದಕ್ಕೇ.

ಡಿಟಿಪಿಯವರಿಗೆ, ಕನ್ನಡ ಟೈಪ್ ಮಾಡುವವರಿಗೆ

ಮುದ್ರಣ ಕಾಶಿ ಎಂದು ಹೆಸರಾದ ಗದಗ ಜಿಲ್ಲೆಯಲ್ಲಿ ಡಿಟಿಪಿ ಕೆಲಸ ಸಣ್ಣದಲ್ಲ. ಮದುವೆ ಕಾರ್ಡು, ಜಾತ್ರೆಯ ಕರಪತ್ರ, ಸಂಘದ ವಾರ್ಷಿಕ ವರದಿಗಳ ಹಳೆಯ ಕಡತಗಳು ಬಹುತೇಕ ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಶ್ರೀಲಿಪಿಯ ಹಳೆ ಬಗೆಯ ಫಾಂಟುಗಳಲ್ಲಿ ಇರುತ್ತವೆ. ಇವು ಯೂನಿಕೋಡ್ ಅಲ್ಲ. ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ, ಅದಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ, ಹೊಸ ವಿಂಡೋಸ್ ಹಾಕಿದ ದಿನ ‘ಫೈಲ್ ಎಲ್ಲಾ ಕೆಟ್ಟುಹೋದವು’ ಎಂಬ ಗಾಬರಿ ಹುಟ್ಟುವುದು ಹೀಗೆ. ಕಡತ ಕೆಟ್ಟಿರುವುದಿಲ್ಲ, ಫಾಂಟ್ ಹಾಕಿದರೆ ಮರಳುತ್ತದೆ. ಅದಕ್ಕೇ ಮೊದಲ ಹಂತದಲ್ಲೇ ಫಾಂಟ್ಸ್ ಫೋಲ್ಡರ್ ಉಳಿಸಿಕೊಳ್ಳಲು ಹೇಳಿದ್ದು. ಪೇಜ್‌ಮೇಕರ್ ಬಿಡಲಾಗದವರು ಲಿನಕ್ಸ್‌ನತ್ತ ಹೋಗಬೇಡಿ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅಷ್ಟು ಹಳೆ ತಂತ್ರಾಂಶಕ್ಕೆ ಅಷ್ಟೇನೂ ಶಕ್ತಿ ಬೇಡವಾದ್ದರಿಂದ, ಎಸ್‌ಎಸ್‌ಡಿ ಹಾಕಿದ ಹಳೆ ಐ3 ಯಂತ್ರ ಅದಕ್ಕೆ ಬೇಕಾದಷ್ಟಾಯಿತು.

ಬರೀ ಯೂನಿಕೋಡ್‌ನಲ್ಲಿ ಬರೆಯುವವರಿಗೆ ಈ ಯಾವ ತೊಡಕೂ ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಕಲಿತ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೂ ಅದೇ ಹೆಸರಿನಲ್ಲಿ ಇದೆ. ಬೆರಳಿಗೆ ಹೊಸ ಪಾಠ ಬೇಕಿಲ್ಲ.

‘ಎಸ್‌ಎಸ್‌ಡಿ ಬಾಳಿಕೆ ಬರೂದಿಲ್ಲ’ ಎನ್ನುವವರಿಗೆ

ಎಸ್‌ಎಸ್‌ಡಿಯ ಚಿಪ್‌ಗಳಿಗೆ ಬರೆಯುವ ಮಿತಿ ಇದೆ, ಇದು ನಿಜ. ಆ ಮಿತಿಯನ್ನು ತಯಾರಕರೇ ಟಿಬಿಡಬ್ಲ್ಯು ಎಂಬ ಅಂಕಿಯಲ್ಲಿ ಹೇಳಿರುತ್ತಾರೆ. ಅಗ್ಗದ ಸಾಲಿನ 240 ಜಿಬಿಯ ಹೆಸರಾಂತ ಮಾಡೆಲ್‌ಗಳಿಗೆ ಇದು 80 ಟಿಬಿಯಷ್ಟಿರುತ್ತದೆ. ಅಂಗಡಿಯ ಯಂತ್ರ ದಿನಕ್ಕೆ 20 ಜಿಬಿ ಬರೆಯುತ್ತದೆ ಎಂದು ಧಾರಾಳವಾಗಿಯೇ ಹಿಡಿದರೂ 4000 ದಿನ, ಅಂದರೆ ಹತ್ತು ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಯಂತ್ರದ ಉಳಿದ ಭಾಗಗಳೇ ಮುದಿಯಾಗಿರುತ್ತವೆ.

ಇನ್ನೊಂದು ದೂರು ಹೆಚ್ಚು ಗಟ್ಟಿಯಾದದ್ದು: ಹಾರ್ಡ್‌ಡಿಸ್ಕ್ ಕೆಡುವಾಗ ಟಕಟಕ ಸದ್ದು ಮಾಡಿ ಎಚ್ಚರಿಸುತ್ತದೆ, ಎಸ್‌ಎಸ್‌ಡಿ ಒಂದು ಬೆಳಿಗ್ಗೆ ಸುಮ್ಮನೆ ಮಾತು ಬಿಡುತ್ತದೆ, ಒಳಗಿದ್ದ ಕಡತಗಳನ್ನು ಹೊರತೆಗೆಯುವುದೂ ಕಷ್ಟ. ಒಪ್ಪಲೇಬೇಕು. ಆದರೆ ಇದಕ್ಕೆ ಉತ್ತರ ಬ್ಯಾಕಪ್, ನಿಧಾನದ ಡಿಸ್ಕಿಗೆ ಅಂಟಿಕೊಳ್ಳುವುದರಿಂದ ಏನೂ ಬಗೆಹರಿಯದು. ಕಳಚಿದ ಹಾರ್ಡ್‌ಡಿಸ್ಕಿಗೆ ವಾರಕ್ಕೊಮ್ಮೆ ನಕಲು ಮಾಡಿ, ತೀರಾ ಮುಖ್ಯವಾದವನ್ನು ಗೂಗಲ್ ಡ್ರೈವ್‌ಗೂ ಹಾಕಿ. ಎಸ್‌ಎಸ್‌ಡಿಯನ್ನೇ ದಾಖಲೆ ಪೆಟ್ಟಿಗೆಯಂತೆ ತಿಜೋರಿಯಲ್ಲಿ ವರ್ಷಗಟ್ಟಲೆ ಇಡಬೇಡಿ. ವಿದ್ಯುತ್ ಇಲ್ಲದೆ, ಅದರಲ್ಲೂ ನಮ್ಮ ಬೇಸಿಗೆಯ ಕಾವಿನಲ್ಲಿ, ಸವೆದ ಚಿಪ್‌ಗಳು ಮಾಹಿತಿಯನ್ನು ಮೆಲ್ಲಗೆ ಕಳೆದುಕೊಳ್ಳುತ್ತವೆ. ಇಟ್ಟು ಮರೆಯುವುದಕ್ಕೆ ಹಾರ್ಡ್‌ಡಿಸ್ಕೇ ವಾಸಿ.

ಕರೆಂಟು ಮತ್ತು ಎರೆಮಣ್ಣಿನ ಧೂಳು

ಬರೆಯುತ್ತಿರುವ ಹೊತ್ತಿನಲ್ಲಿ ಕರೆಂಟ್ ಹೋದರೆ ಅಗ್ಗದ ಎಸ್‌ಎಸ್‌ಡಿಯ ಒಳಗಿನ ವಿಳಾಸಪಟ್ಟಿ ಕಲಸಿಹೋಗಬಹುದು. ಡೆಸ್ಕ್‌ಟಾಪ್ ಇದ್ದವರಿಗೆ ಯುಪಿಎಸ್ ಬೇಕೇ ಬೇಕು. 600 ವಿಎ ಸಾಕು, ಕೆಲಸ ಉಳಿಸಿ ಸರಿಯಾಗಿ ಮುಚ್ಚುವಷ್ಟು ನಿಮಿಷ ಅದು ಕೊಡುತ್ತದೆ. ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸಾಯುತ್ತದೆ, ಇಡೀ ಯುಪಿಎಸ್ ಎಸೆಯದೆ ಬ್ಯಾಟರಿ ಮಾತ್ರ ಬದಲಿಸಿ. ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಅಥವಾ ಝೆರಾಕ್ಸ್ ಯಂತ್ರವನ್ನು ಕೂಡಿಸಬೇಡಿ, ಬಿಸಿಯಾಗುವಾಗ ಅವು ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಅದು ತಾಳದು. ಮನೆಯ ಇನ್ವರ್ಟರ್‌ನಿಂದ ಕಂಪ್ಯೂಟರ್ ನಡೆಸುವವರು ಅದರ ಹಿಂದಿರುವ ಗುಂಡಿಯನ್ನು ಯುಪಿಎಸ್ ಮೋಡ್‌ಗೆ ಇಡಿ. ಇನ್ನೊಂದು ಮೋಡ್‌ನಲ್ಲಿ ಬದಲಾವಣೆ ತಡವಾಗಿ, ಕಂಪ್ಯೂಟರ್ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಂ ಎಂದರೆ ಅರ್ಥಿಂಗ್ ಸರಿಯಿಲ್ಲ, ವಯರ್‌ಮನ್ ಕರೆಸದೆ ಕ್ಯಾಬಿನೆಟ್ ಬಿಚ್ಚಬೇಡಿ.

ರೋಣ, ನರಗುಂದದ ಎರೆಭೂಮಿಯ ಧೂಳು ನುಣುಪು, ಫ್ಯಾನಿನ ರೆಕ್ಕೆಗೂ ಹೀಟ್‌ಸಿಂಕಿಗೂ ಮೆತ್ತಿಕೊಳ್ಳುತ್ತದೆ. ಪ್ರೊಸೆಸರ್ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಮಧ್ಯಾಹ್ನ ಮಾತ್ರ ನಿಧಾನವಾಗುವ ಕಂಪ್ಯೂಟರಿನ ಗುಟ್ಟು ಇದೇ ಇರಬಹುದು. ಸುಗ್ಗಿ ಮುಗಿದ ಮೇಲೊಮ್ಮೆ, ಮಳೆಗೆ ಮುಂಚೆ ಒಮ್ಮೆ ಬ್ಲೋವರ್ ಹಿಡಿಯಿರಿ. ಫ್ಯಾನನ್ನು ಬೆರಳಿನಿಂದ ಒತ್ತಿಹಿಡಿದೇ ಊದಿ, ಗಾಳಿಯ ರಭಸಕ್ಕೆ ಅದು ತಿರುಗಿದರೆ ಬೇರಿಂಗ್ ಕೆಡುತ್ತದೆ. ಐದಾರು ವರ್ಷ ಬಿಚ್ಚದ ಯಂತ್ರಕ್ಕೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲಕ್ಕಿಂತ ದೊಡ್ಡದು, ‘ಹೊಸದು’ ಎಂಬ ಒಂದೇ ಕಾರಣಕ್ಕೆ ಅತಿ ಅಗ್ಗದ ಲ್ಯಾಪ್‌ಟಾಪ್ ಕೊಳ್ಳುವುದು. ಸೆಲೆರಾನ್ ಪ್ರೊಸೆಸರ್, ಬೋರ್ಡ್‌ಗೇ ಬೆಸೆದ 4 ಜಿಬಿ ರ್‍ಯಾಮ್, 64 ಜಿಬಿ ಇಎಂಎಂಸಿ ಸಂಗ್ರಹ ಇರುವ ಯಂತ್ರಗಳು ಪೆಟ್ಟಿಗೆಯಲ್ಲಿ ಫಳಫಳ ಹೊಳೆಯುತ್ತವೆ. ಎಸ್‌ಎಸ್‌ಡಿ ಹಾಕಿದ ನಾಲ್ಕು ಕೋರ್‌ನ ಹಳೆ ಐ5 ಡೆಸ್ಕ್‌ಟಾಪ್ ಇದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಮೇಲಾಗಿ ಇದಕ್ಕೆ ಮುಂದೆ ರ್‍ಯಾಮ್ ಕೂಡಿಸುವ ದಾರಿಯೂ ಇಲ್ಲ.

ಆನ್‌ಲೈನ್‌ನಲ್ಲಿ ನಂಬಲಾರದ ಬೆಲೆಗೆ ಸಿಗುವ ‘2 ಟಿಬಿ ಎಸ್‌ಎಸ್‌ಡಿ’ ಮತ್ತೊಂದು ಬಲೆ. ಕೆಲವುಗಳಲ್ಲಿ ಅಸಲು ಜಾಗ ಹೇಳಿದ್ದರ ಸಣ್ಣ ಪಾಲು ಮಾತ್ರ ಇರುತ್ತದೆ, ಮಿತಿ ಮೀರಿದ ಮೇಲೆ ಹಾಕಿದ ಕಡತಗಳು ಮಾಯವಾಗುತ್ತವೆ. ಬಿಲ್ಲು, ವಾರಂಟಿ ಇರುವ ಹೆಸರಾಂತ ಕಂಪನಿಯದನ್ನೇ ಕೊಳ್ಳಿ, ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಸಾಧನದಿಂದ ಜಾಗ ಪರೀಕ್ಷಿಸಿ.

ಕ್ರ್ಯಾಕ್ ಮಾಡಿದ ವಿಂಡೋಸ್ ಬಗ್ಗೆ ನುಣುಚಿಕೊಳ್ಳದೆ ಹೇಳುವುದಾದರೆ, ‘ಆಕ್ಟಿವೇಟರ್’ ಓಡಿಸುವ ಮೊದಲು ಆಂಟಿವೈರಸ್ ಮುಚ್ಚಲು ಅದು ಕೇಳುತ್ತದೆ. ಕದ ತೆಗೆದಿಟ್ಟು ಒಳಗೆ ಬಂದವರು ಯಾರೆಂದು ನೋಡದಿರುವ ಅಂಗಡಿಯಲ್ಲಿ ಗಿರಾಕಿಯ ಬ್ಯಾಂಕ್ ಪಾಸ್‌ವರ್ಡ್ ಟೈಪ್ ಮಾಡಿಸಬಾರದು. ಇನ್ನು ಹಳೆ ಅಭ್ಯಾಸದ ಡಿಫ್ರಾಗ್: ಎಸ್‌ಎಸ್‌ಡಿಗೆ ಅದರ ಅಗತ್ಯವಿಲ್ಲ, ಬೇರೆ ಡಿಫ್ರಾಗ್ ತಂತ್ರಾಂಶ ಹಾಕಿ ಓಡಿಸಬೇಡಿ.

ಹಾಗಾದರೆ ಹೊಸದು ಯಾವಾಗ?

ವಿಡಿಯೊ ಎಡಿಟಿಂಗ್, ಇಂಜಿನಿಯರಿಂಗ್ ವಿದ್ಯಾರ್ಥಿಯ ವಿನ್ಯಾಸ ತಂತ್ರಾಂಶ, ಮದುವೆ ಆಲ್ಬಮ್‌ಗಳ ದೊಡ್ಡ ಕೆಲಸ ಇದ್ದರೆ ಹಳೆ ಯಂತ್ರಕ್ಕೆ ಹಣ ಸುರಿಯಬೇಡಿ. ಕೋರ್ 2 ಡ್ಯುಯೊ, ಪೆಂಟಿಯಂ ಡ್ಯುಯಲ್ ಕೋರ್ ಕಾಲದವಕ್ಕೂ ಎಸ್‌ಎಸ್‌ಡಿ ಹಾಕಿ ಪ್ರಯೋಜನ ಕಡಿಮೆ. ಲ್ಯಾಪ್‌ಟಾಪ್‌ನ ಹಿಂಜ್ ಮುರಿದು, ಬ್ಯಾಟರಿ ಉಬ್ಬಿ, ಕೀಬೋರ್ಡ್ ಕೆಟ್ಟು ಎಲ್ಲ ಒಟ್ಟಿಗೇ ಬಂದಿದ್ದರೂ ಬಿಟ್ಟುಬಿಡುವುದೇ ಲೇಸು. ಉಬ್ಬಿದ ಬ್ಯಾಟರಿಯನ್ನಂತೂ ಒಂದು ದಿನವೂ ಬಳಸಬೇಡಿ. ಆಗಲೂ ಶೋರೂಮಿಗೆ ಹೋಗುವ ಮುನ್ನ, ಕಂಪನಿಗಳು ಬಳಸಿ ಬಿಟ್ಟ ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್‌ಗಳನ್ನು ಹುಬ್ಬಳ್ಳಿಯಲ್ಲೋ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೋ ವಿಚಾರಿಸಿ. ಎಂಟನೇ ತಲೆಮಾರು ಅಥವಾ ಮುಂದಿನದು, ರ್‍ಯಾಮ್ ಸ್ಲಾಟ್ ಖಾಲಿ, ಲಿಖಿತ ವಾರಂಟಿ ಈ ಮೂರೂ ಇದ್ದರೆ ಮಾತ್ರ ಕೊಳ್ಳಿ. ಬ್ಯಾಟರಿ ಬದಲಿಸಬೇಕಾಗುತ್ತದೆಂದು ಮೊದಲೇ ಲೆಕ್ಕ ಹಿಡಿದಿರಿ.

ಹಳೆಯ ಯಂತ್ರವನ್ನು ಮಾರುವವರಿಗೆ, ಗುಜರಿಗೆ ಕೊಡುವವರಿಗೆ ಒಂದು ವಿನಂತಿ. ಅಂಗಡಿಯ ಕಂಪ್ಯೂಟರಿನ ಡಿಸ್ಕಿನಲ್ಲಿ ಊರಿನವರ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಚಿತ್ರ, ಮಕ್ಕಳ ಅಂಕಪಟ್ಟಿ ಉಳಿದಿರುತ್ತವೆ. ಡಿಲೀಟ್ ಒತ್ತಿದರೆ ಅವು ಅಳಿಯುವುದಿಲ್ಲ. ಹಾರ್ಡ್‌ಡಿಸ್ಕನ್ನು ‘ಕ್ವಿಕ್’ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ, ಗಂಟೆಗಟ್ಟಲೆ ಹಿಡಿದರೂ ಪೂರ್ತಿ ಮುಗಿಯಲು ಬಿಡಿ. ಅದು ಆಗದಿದ್ದರೆ ಡಿಸ್ಕನ್ನು ಕಳಚಿ ನಿಮ್ಮಲ್ಲೇ ಇಟ್ಟುಕೊಂಡು ಉಳಿದದ್ದನ್ನು ಮಾತ್ರ ಕೊಡಿ.